ಬಾಟಲಿಯ ಸಸಿಯಿಂದ ಸೀತಾಳೆ ದಂಡೆಯ ಹೂವಿನವರೆಗೆ

ಮೇ ತಿಂಗಳು ಬಂತೆಂದರೆ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಒಂದು: "ಹಲಸಿನ ಮರದಲ್ಲಿ ನರಿಬಾಲದ ಹಾಗೆ ಇಳಿಬಿದ್ದ ಹೂ ನೋಡಿದೆ, ಮನೆಯಲ್ಲಿ ಬೆಳೆಸೋದು ಹೇಗೆ?" ಇನ್ನೊಂದು: "ನರ್ಸರಿಯಿಂದ ಪುಟ್ಟ ಸಸಿ ತಂದೆ, ಎರಡೇ ತಿಂಗಳಲ್ಲಿ ಕೊಳೆತು ಹೋಯ್ತು, ಎಲ್ಲಿ ತಪ್ಪಾಯ್ತು?" ಎರಡಕ್ಕೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗಿಡದ ಹೆಸರು ಮೊದಲು ಹೇಳಿಬಿಡೋಣ. ಮಲೆನಾಡಿನಲ್ಲಿ ಇದನ್ನು ಸೀತಾಳೆ ದಂಡೆ, ಸೀತೆದಂಡೆ ಎನ್ನುತ್ತಾರೆ. ಸೀತೆ ವನವಾಸದಲ್ಲಿ ಮುಡಿದ ಹೂವಂತೆ. ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ನರ್ಸರಿಯಲ್ಲಿ ಫಾಕ್ಸ್‌ಟೇಲ್ ಆರ್ಕಿಡ್ ಎಂದು ಕೇಳಿದರೆ ಕೊಡುತ್ತಾರೆ. ನಮ್ಮ ಪಶ್ಚಿಮ ಘಟ್ಟದಿಂದ ಹಿಡಿದು ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ಇಂಡೋನೇಷ್ಯಾ, ಫಿಲಿಪೈನ್ಸ್‌ವರೆಗೂ ಇದರ ಊರು. ಅಸ್ಸಾಮಿನಲ್ಲಿ ಇದು ರಾಜ್ಯದ ಹೂವು, ಅಲ್ಲಿನ ಹೆಣ್ಣುಮಕ್ಕಳು ಬಿಹು ಹಬ್ಬಕ್ಕೆ ಮುಡಿಯುತ್ತಾರೆ. ಒಂದೊಂದು ಹೂ ಎರಡು ಸೆಂಟಿಮೀಟರ್ ಇದ್ದರೆ ಹೆಚ್ಚು. ಬಿಳಿ ಎಸಳು, ಅದರ ಮೇಲೆ ನೇರಳೆ ಚುಕ್ಕಿ, ನಡುವೆ ಗಾಢ ಗುಲಾಬಿ ತುಟಿ. ಇಂಥ ನೂರಕ್ಕೂ ಹೆಚ್ಚು ಹೂಗಳು ಒಂದೇ ದಂಡೆಯಲ್ಲಿ ಒತ್ತಾಗಿ ಕೂತು, ಹೆಚ್ಚುಕಡಿಮೆ ಒಟ್ಟಿಗೇ ಅರಳುತ್ತವೆ. ಅದಕ್ಕೇ ಆ ನರಿಬಾಲದ ಚೆಂದ.

ಇದು ಬಂದಳಿಕೆ ಅಲ್ಲ. ಮರದ ರಸ ಹೀರುವುದಿಲ್ಲ. ಮರವನ್ನು ಕೂರಲು ಜಾಗವಾಗಿ ಮಾತ್ರ ಬಳಸುತ್ತದೆ. ಮಳೆ, ಮಂಜು, ತೊಗಟೆಯ ಮೇಲೆ ಹರಿದು ಬರುವ ಕೊಳೆಯ ಸಾರ, ಇಷ್ಟೇ ಅದರ ಊಟ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರಿಂದಲೇ ಹುಟ್ಟುತ್ತದೆ.

ಕಾಡಿನಿಂದ ಕಿತ್ತು ತಂದರೆ ಆಗಲ್ವಾ?

ಬೇಡ. ಕಾಡಿನಿಂದ ಗಿಡ ಕೀಳುವುದು ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಸಂಗತಿ, ಕಿತ್ತ ಗಿಡ ಬದುಕುವುದೂ ಕಷ್ಟ. ತೊಗಟೆಗೆ ಅಂಟಿದ ಬೇರು ಬಿಡಿಸುವಾಗಲೇ ಮುಕ್ಕಾಲು ಪಾಲು ಹರಿದುಹೋಗುತ್ತದೆ. ಸಂತೆಯಲ್ಲಿ, ಘಾಟಿ ರಸ್ತೆಯ ಪಕ್ಕದಲ್ಲಿ ಕಟ್ಟು ಕಟ್ಟಾಗಿ ಮಾರುವ ಗಿಡಗಳೂ ಹಾಗೆ ಕಿತ್ತವೇ. ಹಣ ಕೊಟ್ಟು ತಂದರೆ ಇನ್ನೊಂದು ಕಟ್ಟು ಕೀಳಲು ನಾವೇ ದಾರಿ ಮಾಡಿಕೊಟ್ಟಂತೆ.

ಬೀಜ ಹಾಕಿ ಬೆಳೆಯಬಹುದಾ ಎಂದೂ ಕೇಳುತ್ತಾರೆ. ಮನೆಯಲ್ಲಿ ಆಗುವುದಿಲ್ಲ. ಆರ್ಕಿಡ್ ಬೀಜ ಎಂದರೆ ಧೂಳು. ಊದಿದರೆ ಹಾರಿಹೋಗುತ್ತದೆ. ಭತ್ತದಲ್ಲಿ, ಅವರೆಯಲ್ಲಿ ಮೊಳಕೆಗೆ ಬೇಕಾದ ಬುತ್ತಿ ಬೀಜದೊಳಗೇ ಇರುತ್ತದೆ. ಆರ್ಕಿಡ್ ಬೀಜದಲ್ಲಿ ಆ ಬುತ್ತಿ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದರೊಳಗೆ ಹೊಕ್ಕು ಆಹಾರ ಒದಗಿಸಿದರೆ ಮಾತ್ರ ಮೊಳೆಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲೂಯಿಸ್ ನಡ್ಸನ್ 1922ರಲ್ಲಿ ಒಂದು ದಾರಿ ತೋರಿಸಿದರು. ಶಿಲೀಂಧ್ರ ಇಲ್ಲದಿದ್ದರೂ, ಸಕ್ಕರೆ ಮತ್ತು ಲವಣ ಸೇರಿಸಿದ ಅಗರ್ ಜೆಲ್ಲಿಯ ಮೇಲೆ ಬೀಜ ಮೊಳೆಯುತ್ತದೆ ಎಂದು. ಇವತ್ತು ನಮಗೆ ಸಿಗುವ ಸಸಿಗಳೆಲ್ಲ ಆ ದಾರಿಯಲ್ಲಿ, ಪ್ರಯೋಗಾಲಯದ ಬಾಟಲಿಯಲ್ಲಿ ಹುಟ್ಟಿದವು. ಹಾಗಾಗಿ ನಮ್ಮ ಕೆಲಸ ಶುರುವಾಗುವುದು ಸಸಿಯಿಂದ.

ಏನೇನು ಬೇಕು

ಇದ್ದಿಲು, ಹಳೇ ಮಂಗಳೂರು ಹೆಂಚಿನ ಚೂರು, ಸ್ವಲ್ಪ ಸ್ಫ್ಯಾಗ್ನಮ್ ಪಾಚಿ (ಒಣಗಿಸಿ ಮಾರುತ್ತಾರೆ, ನೆನೆಸಿದರೆ ಸ್ಪಂಜಿನ ಹಾಗೆ ಉಬ್ಬುತ್ತದೆ), ಎರಡು ಇಂಚಿನ ಜಾಲರಿ ಕುಂಡಗಳು, ಮುಂದೆ ಬೇಕಾಗುವ ಮರದ ಪಟ್ಟಿಯ ಬುಟ್ಟಿ, ನೆರಳು ಬಲೆ, ಕೈಯಲ್ಲಿ ಒತ್ತುವ ಸ್ಪ್ರೇಯರ್, ಮ್ಯಾಂಕೋಜೆಬ್ ಪುಡಿ (ಬೂಸ್ಟು ತಡೆಯುವ ಶಿಲೀಂಧ್ರನಾಶಕ), ನೀರಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವುದು). ಇಷ್ಟು ಸಾಕು.

ಮಣ್ಣು ಪಟ್ಟಿಯಲ್ಲಿ ಇಲ್ಲ, ಗಮನಿಸಿದಿರಾ? ಮರೆತಿಲ್ಲ. ಮಣ್ಣು, ಕೋಕೋಪೀಟ್, ಎರೆಗೊಬ್ಬರ ಇವು ಮೂರೂ ಈ ಗಿಡಕ್ಕೆ ಬೇಡವೇ ಬೇಡ. ಬೇರು ಉಸಿರುಗಟ್ಟಿ ಕೊಳೆಯುತ್ತದೆ.

ಇದ್ದಿಲು ಸೌದೆಯದ್ದೇ ಆಗಿರಬೇಕು. ಒತ್ತಿ ಅಚ್ಚು ಹಾಕಿದ ಬಾರ್ಬೆಕ್ಯೂ ಇದ್ದಿಲು ನೀರು ಬಿದ್ದರೆ ಹಿಟ್ಟಾಗುತ್ತದೆ. ಹೆಬ್ಬೆರಳ ಉಗುರಿನಷ್ಟು ಚೂರು ಮಾಡಿ, ಪುಡಿ ಜರಡಿ ಹಿಡಿದು, ಒಂದು ರಾತ್ರಿ ನೀರಲ್ಲಿ ನೆನೆಸಿ ತೊಳೆದಿಡಿ. ತೆಂಗಿನ ಸಿಪ್ಪೆ ಬಳಸಬಹುದಾ ಎಂದರೆ, ಬಯಲುಸೀಮೆಯ ಒಣ ಹವೆಯಲ್ಲಿ ಸ್ವಲ್ಪ ಸೇರಿಸಬಹುದು. ಮೂರು ನಾಲ್ಕು ದಿನ ನೀರು ಬದಲಿಸುತ್ತಾ ನೆನೆಸಿ, ಕೆಂಪು ಬಣ್ಣ ಬಿಡುವುದು ನಿಂತ ಮೇಲೆ ಬಳಸಿ. ಕರಾವಳಿ, ಮಲೆನಾಡಿನವರು ಸಿಪ್ಪೆಯ ಗೋಜಿಗೆ ಹೋಗಬೇಡಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕಪ್ಪಾಗಿ ಗೊಜ್ಜಾಗಿರುತ್ತದೆ.

ಹಂತ 1: ಸಸಿ ಆರಿಸುವುದು

ಸಸಿ ಮೂರು ರೂಪದಲ್ಲಿ ಸಿಗುತ್ತದೆ. ಬಾಟಲಿಯೊಳಗೇ ಇರುವ ಇಪ್ಪತ್ತು ಮೂವತ್ತು ಪುಟಾಣಿಗಳು. ಬಾಟಲಿಯಿಂದ ತೆಗೆದು ಒಟ್ಟಿಗೆ ಒಂದೇ ಕುಂಡದಲ್ಲಿ ಕೂರಿಸಿದ ಗುಂಪು, ಇದನ್ನು ಕಮ್ಯುನಿಟಿ ಪಾಟ್ ಎನ್ನುತ್ತಾರೆ. ಮೂರನೆಯದು ಒಂದೊಂದಾಗಿ ಜಾಲರಿ ಕುಂಡದಲ್ಲಿರುವ ಬೆಳೆದ ಸಸಿ.

ಇದೇ ಮೊದಲ ಆರ್ಕಿಡ್ ಆಗಿದ್ದರೆ ಮೂರನೆಯದನ್ನೇ ತೆಗೆದುಕೊಳ್ಳಿ. ಬಾಟಲಿ ಅಗ್ಗ ಎಂದು ಅದಕ್ಕೆ ಕೈ ಹಾಕಬೇಡಿ. ಬಾಟಲಿಯಿಂದ ಹೂವಿಗೆ ನಾಲ್ಕರಿಂದ ಐದು ವರ್ಷ ಬೇಕು. ಬೆಳೆದ ಸಸಿಯಾದರೆ ಎರಡು ಮೂರು ವರ್ಷ ಉಳಿಯುತ್ತದೆ, ಕಳೆದುಕೊಳ್ಳುವ ಭಯವೂ ಕಡಿಮೆ.

ಆರಿಸುವಾಗ ಎಲೆ ನೋಡುವ ಮೊದಲು ಬೇರು ನೋಡಿ. ಗಟ್ಟಿಯಾಗಿ, ಬೂದುಬಿಳಿ ಬಣ್ಣದಲ್ಲಿ, ತುದಿಯಲ್ಲಿ ಹಸಿರು ಮೊನೆ ಇರುವ ಬೇರು ಕನಿಷ್ಠ ಮೂರಾದರೂ ಇರಲಿ. ಬೆರಳಲ್ಲಿ ಒತ್ತಿದರೆ ಒಳಗೆ ಟೊಳ್ಳಾಗಿ, ಹೊರಸಿಪ್ಪೆ ಜಾರಿ, ನಡುವೆ ದಾರದಂಥ ನಾರು ಮಾತ್ರ ಉಳಿದರೆ ಆ ಬೇರು ಸತ್ತಿದೆ. ಎಲೆ ಎಷ್ಟೇ ಹಸಿರಾಗಿದ್ದರೂ ಅಂಥ ಸಸಿ ಬೇಡ. ಅದು ಎಲೆಯಲ್ಲಿ ಉಳಿದ ನೀರಿನಲ್ಲಿ ದಿನ ದೂಡುತ್ತಿದೆ ಅಷ್ಟೇ.

ಎಲೆಯ ತುದಿ ಯಾರೋ ಕಚ್ಚಿ ತಿಂದ ಹಾಗೆ ಏರುಪೇರಾಗಿ ಕಂಡರೆ ಗಾಬರಿ ಬೇಡ. ಹುಳ ತಿಂದದ್ದಲ್ಲ, ಈ ಜಾತಿಯ ಎಲೆ ಇರುವುದೇ ಹಾಗೆ. ಹೆಸರಿನ ರೆಟ್ಯೂಸಾ ಎಂಬ ಪದವೂ ಈ ಮೊಂಡು, ಕಚ್ಚು ಬಿದ್ದ ತುದಿಯನ್ನೇ ಹೇಳುತ್ತದೆ.

ತರುವ ಕಾಲವೂ ಮುಖ್ಯ. ಫೆಬ್ರವರಿ ಮಾರ್ಚ್‌ನಲ್ಲಿ ತಂದರೆ ಬೆಚ್ಚಗಿನ ಹವೆಯಲ್ಲಿ ಹೊಸ ಬೇರು ಬಿಟ್ಟು, ಮಳೆಗಾಲ ಬರುವಷ್ಟರಲ್ಲಿ ಸುಧಾರಿಸಿಕೊಳ್ಳುತ್ತದೆ. ಜೂನ್, ಜುಲೈನ ಸುರಿಮಳೆಯಲ್ಲಿ ಬಾಟಲಿ ಒಡೆಯಲೇಬೇಡಿ.

ಹಂತ 2: ಬಾಟಲಿಯಿಂದ ಹೊರಗೆ

ಬೆಳೆದ ಸಸಿ ತಂದವರು ಇದನ್ನು ಬಿಟ್ಟು ಮೂರನೇ ಹಂತಕ್ಕೆ ಹೋಗಬಹುದು.

ಬಾಟಲಿಯೊಳಗಿನ ಗಾಳಿ ಪೂರ್ತಿ ತೇವ. ಅಲ್ಲಿ ಬೆಳೆದ ಎಲೆಗೆ ಮೇಣದ ಪದರ ಇನ್ನೂ ದಪ್ಪ ಆಗಿರುವುದಿಲ್ಲ. ನೀರು ಆವಿಯಾಗದಂತೆ ತಡೆಯುವುದು ಅದಕ್ಕೆ ಗೊತ್ತಿಲ್ಲ. ರೋಗದ ಜೊತೆ ಹೋರಾಡಿಯೂ ಗೊತ್ತಿಲ್ಲ, ಒಳಗೆ ರೋಗಾಣುವೇ ಇರಲಿಲ್ಲವಲ್ಲ. ಅದಕ್ಕೇ ಮೊದಲ ಒಂದು ತಿಂಗಳು ಬಾಣಂತಿ ಕೋಣೆಯ ಕೂಸಿನ ಹಾಗೆ ನೋಡಿಕೊಳ್ಳಬೇಕು.

ಕೊರಿಯರ್‌ನಲ್ಲಿ ಬಂದ ಬಾಟಲಿಯನ್ನು ಒಂದು ವಾರ ನೆರಳಿನ ಬೆಳಕಿನಲ್ಲಿ ಹಾಗೇ ಇಡಿ. ಜೆಲ್ಲಿ ಕದಡಿ, ಬೂಸ್ಟು ಕಂಡರೆ ಮಾತ್ರ ತಕ್ಷಣ ತೆರೆಯಿರಿ. ತೆರೆದ ಮೇಲೆ ಉಗುರುಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಅಲ್ಲಾಡಿಸಿ. ಜೆಲ್ಲಿ ಸಡಿಲವಾಗಿ ಸಸಿಗಳು ಗುಂಪಾಗಿ ಜಾರಿ ಬರುತ್ತವೆ. ಬಾಯಿ ಚಿಕ್ಕದಾಗಿದ್ದರೆ ಎಳೆದಾಡಬೇಡಿ. ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಡೆಯುವುದೇ ವಾಸಿ.

ಈಗ ಮುಖ್ಯ ಕೆಲಸ. ಅಗಲ ಪಾತ್ರೆಯಲ್ಲಿ ನೀರಿಟ್ಟುಕೊಂಡು ಬೇರಿನ ಸಂದಿಯಲ್ಲಿರುವ ಜೆಲ್ಲಿಯನ್ನೆಲ್ಲ ತೊಳೆಯಿರಿ. ನೀರು ಎರಡು ಮೂರು ಸಲ ಬದಲಿಸಿ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಲೋಳೆಯ ಹಾಗೆ ತಗಲುತ್ತದೆ, ಆ ಲೋಳೆ ಹೋಗುವವರೆಗೂ ತೊಳೆಯಬೇಕು. ಅದರಲ್ಲಿ ಸಕ್ಕರೆ ಇದೆ, ಬೂಸ್ಟಿಗೆ ಹಬ್ಬದೂಟ. ನಾನು ಮೊದಲ ಬಾಟಲಿ ತೆಗೆದಾಗ ಬೇರು ಮುರಿದೀತೆಂದು ಹೆದರಿ ಅರ್ಧಂಬರ್ಧ ತೊಳೆದಿದ್ದೆ. ಎಂಟನೇ ದಿನ ಬುಡದಲ್ಲಿ ಹತ್ತಿಯಂಥ ಬಿಳಿ ಎಳೆ ಕಂಡಿತು. ತಿಂಗಳು ತುಂಬುವಾಗ ಇಪ್ಪತ್ತೆರಡರಲ್ಲಿ ನಾಲ್ಕು ಉಳಿದಿದ್ದವು. ಒಂದೆರಡು ಬೇರು ಮುರಿದರೂ ಚಿಂತೆಯಿಲ್ಲ, ಜೆಲ್ಲಿ ಮಾತ್ರ ಉಳಿಯಬಾರದು.

ತೊಳೆದ ಸಸಿಗಳನ್ನು ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಕದಡಿದ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಅದ್ದಿಡಿ. ಕೈಗವಸು, ಮುಖಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ. ಆಮೇಲೆ ಪತ್ರಿಕೆ ಕಾಗದದ ಮೇಲೆ ಹರಡಿ, ಬೇರು ಬಿಳಿಚುವವರೆಗೆ ಅಂದರೆ ಅರ್ಧ ಗಂಟೆಯಿಂದ ಒಂದು ಗಂಟೆ ನೆರಳಲ್ಲಿ ಆರಲು ಬಿಡಿ.

ಗಾತ್ರ ನೋಡಿ ದೊಡ್ಡವು, ಚಿಕ್ಕವು ಬೇರೆ ಮಾಡಿ. ನಾಲ್ಕು ಇಂಚಿನ ಕುಂಡದ ತಳಕ್ಕೆ ಹೆಂಚಿನ ಚೂರು, ಮೇಲೆ ಸಣ್ಣ ಇದ್ದಿಲು, ಅದರ ಮೇಲೆ ನೆನೆಸಿ ಚೆನ್ನಾಗಿ ಹಿಂಡಿದ ಪಾಚಿಯ ತೆಳು ಪದರ. ಅದರಲ್ಲಿ ಹದಿನೈದು ಸಸಿಗಳನ್ನು ಒಟ್ಟಿಗೆ ಕೂರಿಸಿ. ಒಂಟಿಯಾಗಿ ಇಟ್ಟದ್ದಕ್ಕಿಂತ ಗುಂಪಿನಲ್ಲಿರುವ ಸಸಿ ಚೆನ್ನಾಗಿ ಹಿಡಿಯುತ್ತದೆ, ಸುತ್ತಲಿನ ತೇವ ಒಂದೇ ಮಟ್ಟದಲ್ಲಿರುತ್ತದೆ. ಬೇರು ಮಾತ್ರ ಪಾಚಿಯೊಳಗೆ, ಎಲೆಯ ಬುಡ ಮೇಲೆ. ಬುಡ ಹೂತುಹೋದರೆ ಕೊಳೆಯುತ್ತದೆ.

ಇಡೀ ಕುಂಡವನ್ನು ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಮುಚ್ಚಳಕ್ಕೆ ನಾಲ್ಕಾರು ತೂತು ಮಾಡಿ. ಮೊದಲ ವಾರ ಮುಚ್ಚಿಯೇ ಇರಲಿ, ಎರಡನೇ ವಾರದಿಂದ ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಎಂದು ತೆರೆಯುತ್ತಾ ಬನ್ನಿ. ಮೂರು ನಾಲ್ಕು ವಾರಕ್ಕೆ ಮುಚ್ಚಳವೇ ಬೇಡವಾಗುತ್ತದೆ. ಡಬ್ಬಿಗೆ ನೇರ ಬಿಸಿಲು ಒಂದು ನಿಮಿಷವೂ ಬೀಳಬಾರದು. ಒಳಗೆ ಬೆಂದುಹೋಗುತ್ತವೆ. ಈ ಒಂದು ತಿಂಗಳು ಗೊಬ್ಬರವೂ ಬೇಡ.

ಹಂತ 3: ತನ್ನದೇ ಕುಂಡಕ್ಕೆ

ಎಂಟರಿಂದ ಹನ್ನೆರಡು ತಿಂಗಳಲ್ಲಿ ಸಸಿಯ ಎಲೆಯ ಹರವು ಐದಾರು ಸೆಂಟಿಮೀಟರ್ ಆಗುತ್ತದೆ. ಆಗ ಎರಡು ಇಂಚಿನ ಜಾಲರಿ ಕುಂಡಕ್ಕೆ ಬದಲಿಸಿ. ಹಿಂದಿನ ದಿನ ಚೆನ್ನಾಗಿ ನೆನೆಸಿದರೆ ಬೇರು ಮೆತ್ತಗಾಗಿ ಬಾಗುತ್ತದೆ. ಒಣಗಿದ್ದಾಗ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ನಡುವೆ ಸಸಿ ಹಿಡಿದು ಸುತ್ತ ಇದ್ದಿಲಿನ ಚೂರು ಇಳಿಬಿಡಿ. ಒತ್ತಿ ತುಂಬಬೇಡಿ. ಪಾಚಿ ಈಗ ಚಿಟಿಕೆಯಷ್ಟು ಸಾಕು.

ಕೆಲವು ಬೇರು ಕುಂಡದ ಹೊರಗೆ ಗಾಳಿಯಲ್ಲಿ ಜೋತಾಡುತ್ತವೆ. ಎಲ್ಲರೂ ಇದನ್ನು ಕಂಡು ಒಳಗೆ ತುರುಕುತ್ತಾರೆ. ಬಿಡಿ, ಅದು ಇರಬೇಕಾದ ಜಾಗ ಅದೇ.

ಮುಂದೆ ದೊಡ್ಡದಾದಾಗ ಕುಂಡದಿಂದ ಕೀಳಬಾರದು. ಜಾಲರಿ ಕುಂಡವನ್ನು ಹಾಗೇ ಮರದ ಬುಟ್ಟಿಯೊಳಗೆ ಇಟ್ಟು ಸುತ್ತ ದೊಡ್ಡ ಇದ್ದಿಲು ಹಾಕಿ. ಈ ಗಿಡಕ್ಕೆ ಬೇರು ಕದಲಿಸಿದರೆ ಕೋಪ. ಒಂದು ಸಲ ಬೇರು ಹರಿದರೆ ಆ ವರ್ಷ ಪೂರ್ತಿ ಸುಮ್ನೆ ಕೂರುತ್ತದೆ.

ಹಂತ 4: ನೀರು

ಸಸಿ ಸಾಯುವುದು ಹೆಚ್ಚಾಗಿ ಇಲ್ಲಿಯೇ. ಅದೂ ನೀರು ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ.

"ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?" ಎಂದು ಕೇಳುತ್ತೀರಿ. ಮಡಿಕೇರಿಯ ಜುಲೈ ಬೇರೆ, ಕಲಬುರಗಿಯ ಏಪ್ರಿಲ್ ಬೇರೆ. ಲೆಕ್ಕ ಹೇಳಿದರೆ ಇಬ್ಬರಲ್ಲಿ ಒಬ್ಬರ ಗಿಡ ಹೋಗುತ್ತದೆ. ಅದರ ಬದಲು ಬೇರನ್ನು ಓದಲು ಕಲಿಯಿರಿ.

ಒಣಗಿದ ಬೇರಿನ ಹತ್ತಿರ ಹೋಗಿ ನೋಡಿ. ಬೆಳ್ಳಿಯ ಹಾಗೆ ಬೂದುಬಿಳಿ ಇರುತ್ತದೆ. ಅದು ವೆಲಾಮೆನ್ ಎಂಬ ಪದರ, ಸತ್ತ ಜೀವಕೋಶಗಳಿಂದಾದ ಸ್ಪಂಜು. ಟೊಳ್ಳಾದ ಕೋಶಗಳಲ್ಲಿ ಗಾಳಿ ತುಂಬಿರುವುದರಿಂದ ಬಿಳಿಯಾಗಿ ಕಾಣುತ್ತದೆ. ಈಗ ಒಂದು ಹನಿ ನೀರು ಬಿಡಿ. ಹನಿ ಬಿದ್ದ ಜಾಗದಿಂದ ಹಸಿರು ಹರಡುತ್ತಾ ಹೋಗುವುದು ಕಣ್ಣೆದುರೇ ಕಾಣುತ್ತದೆ. ಸ್ಪಂಜಿನಲ್ಲಿ ನೀರು ತುಂಬಿ ಅದು ಪಾರದರ್ಶಕವಾಗಿ, ಒಳಗಿನ ಹಸಿರು ಹೊರಗೆ ತೋರುತ್ತದೆ. ಮಕ್ಕಳಿದ್ದರೆ ಕರೆದು ತೋರಿಸಿ, ಖುಷಿಪಡುತ್ತಾರೆ.

ನಿಯಮ ಇಷ್ಟೇ: ಬೇರು ಬಿಳಿಯಾದರೆ ನೀರು ಹಾಕಿ. ಹಸಿರಿದ್ದರೆ ಕೈ ಕಟ್ಟಿ ನಿಲ್ಲಿ. ಹಾಕುವಾಗ ಎಲ್ಲ ಬೇರು ಹಸಿರಾಗುವವರೆಗೆ ಹಾಕಿ. ಒಂದು ಸಲ ಚಿಮುಕಿಸಿದರೆ ಪದರ ತುಂಬುವುದಿಲ್ಲ. ಎರಡು ನಿಮಿಷ ಬಿಟ್ಟು ಇನ್ನೊಂದು ಸಲ ಹಾಕಿ. ಹಾಗೆ ಹಾಕಿದ್ದು ಸಂಜೆಯೊಳಗೆ ಮತ್ತೆ ಬಿಳಿಯಾಗುವಂತಿರಬೇಕು. ಎರಡು ದಿನವಾದರೂ ಹಸಿರೇ ಇದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಕುಂಡದಲ್ಲಿ ಪಾಚಿ ಜಾಸ್ತಿಯಾಗಿದೆ.

ಬೆಂಗಳೂರಿನಲ್ಲಿ ಜಾಲರಿ ಕುಂಡದ ಸಸಿಗೆ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ, ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ ಬೇಕಾಗುತ್ತದೆ. ಬಯಲುಸೀಮೆಯ ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಮೂರರೊಳಗೆ ಇನ್ನೊಂದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸಸಿಗಳನ್ನು ಸೂರಿನಡಿ ಇಡಿ. ದೊಡ್ಡ ಗಿಡ ಮಳೆಯಲ್ಲಿ ನೆನೆದು ಗಾಳಿಗೆ ಆರಿಕೊಳ್ಳುತ್ತದೆ. ಪುಟ್ಟ ಸಸಿಗೆ ವಾರಗಟ್ಟಲೆ ಬಿಡದ ಜಡಿಮಳೆ ತಡೆಯುವ ಶಕ್ತಿ ಇಲ್ಲ.

ಸಂಜೆ ನೀರು ಬೇಡ. ಈ ಗಿಡ ಒಂದೇ ತುದಿಯಿಂದ ಮೇಲಕ್ಕೆ ಬೆಳೆಯುವ ಜಾತಿ. ನಡುವಿನ ಎಳೆ ಎಲೆಯ ಬುಡವೇ ಅದರ ನೆತ್ತಿ. ರಾತ್ರಿ ಅಲ್ಲಿ ನೀರು ನಿಂತರೆ ನೆತ್ತಿ ಕೊಳೆಯುತ್ತದೆ, ಆಮೇಲೆ ಮೇಲೆ ಬೆಳೆಯಲು ಇನ್ನೊಂದು ತುದಿ ಇಲ್ಲ. ಕಾಡಿನಲ್ಲಿ ಗಿಡ ಕೊಂಬೆಯಿಂದ ಓರೆಯಾಗಿ ಬಾಗಿರುತ್ತದೆ, ನೀರು ತಾನೇ ಇಳಿದುಹೋಗುತ್ತದೆ. ನೀವೂ ಕುಂಡವನ್ನು ಸ್ವಲ್ಪ ವಾಲಿಸಿ ತೂಗುಹಾಕಿ.

ನೀರಿನ ಗುಣದ ಬಗ್ಗೆ ಒಂದು ಮಾತು. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು. ಗಡಸು ಬೋರ್‌ವೆಲ್ ನೀರು ಹಾಕುತ್ತಿದ್ದರೆ ಇದ್ದಿಲಿನ ಮೇಲೆ, ಬೇರಿನ ಮೇಲೆ ಬಿಳಿ ಉಪ್ಪಿನ ಕಲೆ ಕೂರುತ್ತದೆ, ಬೇರಿನ ಹಸಿರು ಮೊನೆ ಕಂದಿ ನಿಂತುಬಿಡುತ್ತದೆ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಪೆನ್ನಿನಂಥ ಸಾಧನ) ಇದ್ದರೆ 200 ಪಿಪಿಎಂ ಒಳಗಿರಲಿ. ಹೆಚ್ಚಿದ್ದರೆ ಆರ್‌ಓ ನೀರು ಅಥವಾ ಮಳೆ ನೀರು ಬೆರೆಸಿ. ಅಪಾರ್ಟ್‌ಮೆಂಟುಗಳಲ್ಲಿ ಉಪ್ಪು ಹಾಕಿ ನೀರು ಮೆದು ಮಾಡುವ ಸಾಫ್ಟ್‌ನರ್ ಇರುತ್ತದಲ್ಲ, ಆ ನೀರು ಮಾತ್ರ ಬೇಡ. ಗಡಸುತನದ ಜಾಗದಲ್ಲಿ ಸೋಡಿಯಂ ಬಂದಿರುತ್ತದೆ, ಗಿಡಕ್ಕೆ ಅದು ಇನ್ನೂ ಕೆಟ್ಟದ್ದು.

ಹಂತ 5: ಬೆಳಕು, ಗಾಳಿ

ಚಿಕ್ಕ ಸಸಿಗೆ ಶೇಕಡಾ 75ರ ನೆರಳು ಬಲೆ, ಒಂದೂವರೆ ವರ್ಷ ದಾಟಿದ ಮೇಲೆ ಶೇಕಡಾ 50ರದ್ದು. ಬಲೆ ಇಲ್ಲದವರು ಪೂರ್ವದ ಬಾಲ್ಕನಿಯಲ್ಲಿ, ಬೆಳಗಿನ ಒಂಬತ್ತರವರೆಗಿನ ಎಳೆ ಬಿಸಿಲು ಬೀಳುವ ಕಡೆ ತೂಗುಹಾಕಿ. ಟೀಪಾಯಿ ಮೇಲೆ, ಟಿವಿ ಪಕ್ಕ ಇಟ್ಟರೆ ಬದುಕೀತು, ಹೂ ಬಿಡುವುದಿಲ್ಲ.

ಎಲೆಯ ಬಣ್ಣವೇ ಅಳತೆ. ಕಡು ಹಸಿರಾಗಿ ಮೆತ್ತಗೆ ಜೋತರೆ ಬೆಳಕು ಕಡಿಮೆ. ಸ್ವಲ್ಪ ಹಳದಿ ಬೆರೆತ ಎಳೆ ಹಸಿರು, ಗಟ್ಟಿ ಎಲೆ ಇದ್ದರೆ ಸರಿ. ಕೆಂಪು ನೇರಳೆ ಛಾಯೆ ಬಂದರೆ ಅದೇ ಮಿತಿ, ಅಲ್ಲಿಗೆ ನಿಲ್ಲಿಸಿ. ಜಾಗ ಬದಲಿಸುವಾಗ ಒಂದೇ ದಿನ ಬಿಸಿಲಿಗೆ ತಂದು ನಿಲ್ಲಿಸಬೇಡಿ. ಸುಟ್ಟ ಕಲೆ ಜೀವಮಾನವಿಡೀ ಉಳಿಯುತ್ತದೆ.

ಗಾಳಿ ಆಡುತ್ತಿರಬೇಕು. ಚಳಿಗಾಲದಲ್ಲಿ ರಾತ್ರಿ 15 ಡಿಗ್ರಿಗಿಂತ ಕೆಳಗೆ ಹೋಗುವ ಊರಲ್ಲಿ ಪುಟ್ಟ ಸಸಿಗಳನ್ನು ರಾತ್ರಿ ಒಳಗೆ ತನ್ನಿ. ಬೆಳೆದ ಗಿಡಕ್ಕೆ ಅಷ್ಟು ಚಳಿ ಲೆಕ್ಕಕ್ಕಿಲ್ಲ.

ಹಂತ 6: ಗೊಬ್ಬರ

ಲೀಟರಿಗೆ ಅರ್ಧ ಗ್ರಾಂ 19:19:19, ವಾರಕ್ಕೊಮ್ಮೆ. ಅರ್ಧ ಗ್ರಾಂ ಅಳೆಯುವುದು ಕಷ್ಟ. ಟೀ ಚಮಚದಲ್ಲಿ ತಲೆ ಸಮ ಮಾಡಿದರೆ ಸುಮಾರು 5 ಗ್ರಾಂ, ಹತ್ತು ಲೀಟರಿನ ಬಕೆಟ್ಟಿಗೆ ಅಷ್ಟು. ಮೊದಲು ಬರೀ ನೀರು ಹಾಕಿ ಬೇರು ಹಸಿರಾದ ಮೇಲೆ ಗೊಬ್ಬರದ ನೀರು ಕೊಡಿ, ಒಣ ಬೇರಿಗೆ ಕೊಟ್ಟರೆ ಮೊನೆ ಸುಡುತ್ತದೆ. ಬೆಳೆದ ಗಿಡಕ್ಕೆ ಲೀಟರಿಗೆ 1 ಗ್ರಾಂವರೆಗೆ ಹೋಗಬಹುದು. ತಿಂಗಳಿಗೊಮ್ಮೆ ಬರೀ ನೀರನ್ನು ಧಾರಾಳವಾಗಿ ಹರಿಸಿ ಇದ್ದಿಲಿನಲ್ಲಿ ಕೂತ ಉಪ್ಪು ತೊಳೆಯಿರಿ.

ಸಗಣಿ ಗೊಬ್ಬರ, ಕಡಲೆ ಹಿಂಡಿ, ಜೀವಾಮೃತ ಹಾಕಬಹುದಾ? ತರಕಾರಿಗೆ ಅವು ಒಳ್ಳೆಯವು. ಇಲ್ಲಿ ಅವುಗಳ ಕಸರು ಬೇರಿನ ಸ್ಪಂಜಿನ ಮೇಲೆ ಮೆತ್ತಿಕೊಂಡು ಕೊಳೆಗೆ ದಾರಿಯಾಗುತ್ತದೆ. ಬೇಡ.

ಹಂತ 7: ಮರಕ್ಕೆ ಕಟ್ಟುವುದು

ತೋಟ, ಹಿತ್ತಲು ಇರುವವರಿಗೆ ನನ್ನ ಸಲಹೆ ಇದೇ. ಬುಟ್ಟಿಯಲ್ಲಿ ಇರುವುದಕ್ಕಿಂತ ಮರದ ಮೇಲೆ ಈ ಗಿಡದ ಗತ್ತೇ ಬೇರೆ. ಎಲೆ ಗೇಣುದ್ದ ಆಗಿ, ನಾಲ್ಕೈದು ದಪ್ಪ ಬೇರು ಇರುವ ಗಿಡ ಆರಿಸಿ. ಮೇ ಕೊನೆ, ಜೂನ್ ಮೊದಲ ಮಳೆ ಸರಿಯಾದ ಸಮಯ. ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಬೇರು ತೊಗಟೆಗೆ ಅಂಟಿರುತ್ತದೆ.

ತೊಗಟೆ ಒರಟಾಗಿರುವ ಮಾವು, ಹಲಸು ಒಳ್ಳೆಯದು. ಸೀಬೆ, ನೀಲಗಿರಿ ಬೇಡ. ಅವು ತೊಗಟೆ ಕಳಚುತ್ತವೆ, ಗಿಡವೂ ಅದರ ಜೊತೆ ಕೆಳಗೆ ಬೀಳುತ್ತದೆ. ಕಾಂಡದ ಪೂರ್ವ ಮಗ್ಗುಲಲ್ಲಿ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ನೆತ್ತಿ ಹೊರಕ್ಕೆ ವಾಲುವಂತೆ ಹಿಡಿದು ಹಳೇ ಹತ್ತಿ ಸೀರೆಯ ಅಂಚಿನಿಂದ ಕಟ್ಟಿ. ಗಿಡ ಅಲ್ಲಾಡಬಾರದು. ಅಲ್ಲಾಡಿದರೆ ಹೊಸ ಬೇರಿನ ಮೊನೆ ತೊಗಟೆಗೆ ಉಜ್ಜಿ ಸಾಯುತ್ತದೆ. ತಾಮ್ರದ ತಂತಿ ಬಳಸಬೇಡಿ.

ಅಡಿಕೆ ತೋಟದವರು ಇದನ್ನು ಗಮನಿಸಲೇಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ಅದರ ಹನಿ ಆರ್ಕಿಡ್ಡಿನ ಎಳೆ ಬೇರಿಗೆ ಬಿದ್ದರೆ ಮೊನೆ ಸುಟ್ಟು ಕಪ್ಪಾಗುತ್ತದೆ. ಔಷಧಿ ಹೊಡೆಯುವ ಮರಗಳ ಸಾಲಿನಿಂದ ದೂರ ಕಟ್ಟಿ. ಆಗದಿದ್ದರೆ ಹೊಡೆಯುವ ದಿನ ಗಿಡಕ್ಕೆ ಪ್ಲಾಸ್ಟಿಕ್ ಹೊದಿಸಿ, ಕೆಲಸ ಮುಗಿದ ಕೂಡಲೇ ತೆಗೆಯಿರಿ.

ಹುಳ, ರೋಗ

ಬೇರಿನ ಮೊನೆ ರಾತ್ರೋರಾತ್ರಿ ಮಾಯವಾದರೆ ಬಸವನಹುಳು ಬಂದಿದೆ. ರಾತ್ರಿ ಟಾರ್ಚ್ ಹಿಡಿದು ಕುಂಡದ ತಳ ನೋಡಿ, ಕೈಯಿಂದ ಆರಿಸಿ ತೆಗೆಯಿರಿ. ಎಲೆ ಬುಡದಲ್ಲಿ ಬಿಳಿ ಹಿಟ್ಟಿನಂತೆ ಕಂಡರೆ ಹಿಟ್ಟು ತಿಗಣೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪು ನೀರಲ್ಲಿ ಉಜ್ಜಿ, ಲೀಟರಿಗೆ 3 ಮಿಲಿ ಬೇವಿನ ಎಣ್ಣೆಗೆ ಒಂದೆರಡು ಹನಿ ಸೋಪು ಸೇರಿಸಿ ಸಿಂಪಡಿಸಿ. ಬಿಸಿಲು ಇಳಿದ ಮೇಲೆ, ನೆತ್ತಿಯಲ್ಲಿ ನೀರು ನಿಲ್ಲದ ಹಾಗೆ.

ಎಲೆಯಲ್ಲಿ ನೀರು ತುಂಬಿದಂಥ ಕಂದು ಕಲೆ ಬಂದು ವಾಸನೆ ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಕೊಳೆ. ಒಂದೇ ದಿನದಲ್ಲಿ ಹರಡುತ್ತದೆ, ನಾಳೆ ನೋಡೋಣ ಅನ್ನಬೇಡಿ. ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿ, ಕಲೆಗಿಂತ ಒಂದು ಬೆರಳು ಒಳಗಿನ ಚೆನ್ನಾಗಿರುವ ಭಾಗದಲ್ಲಿ ಕತ್ತರಿಸಿ. ಗಾಯಕ್ಕೆ ಅಡುಗೆಮನೆಯ ಚಕ್ಕೆ ಪುಡಿ ಹಚ್ಚಿ. ಪುಡಿ ಬೇರಿನ ಮೇಲೆ ಬೀಳಬಾರದು, ಬೇರನ್ನೂ ಒಣಗಿಸಿಬಿಡುತ್ತದೆ. ಎರಡು ಮೂರು ದಿನ ನೀರು ಬೇಡ.

ಕೆಳಗಿನ ಹಳೇ ಎಲೆ ಒಂದು ಹಳದಿಯಾಗಿ ಉದುರಿದರೆ ಅದು ವಯಸ್ಸು, ರೋಗವಲ್ಲ. ಮೇಲಿನ ಎಳೆ ಎಲೆ ಹಳದಿಯಾದರೆ ಮಾತ್ರ ನೆತ್ತಿ ಪರೀಕ್ಷಿಸಿ.

ಹಂತ 8: ದಂಡೆ ಕಾಣಿಸಿದಾಗ

ನಾಲ್ಕನೆಯ ಅಥವಾ ಐದನೆಯ ವರ್ಷದ ಚಳಿಗಾಲದಲ್ಲಿ ನೀರು ಸ್ವಲ್ಪ ಕಡಿಮೆ ಮಾಡಿ, ಬೆಳಕು ಸ್ವಲ್ಪ ಹೆಚ್ಚು ಕೊಡಿ. ಘಟ್ಟದ ಕಾಡಿನಲ್ಲೂ ಡಿಸೆಂಬರಿನಿಂದ ಮಾರ್ಚ್‌ವರೆಗೆ ಎಲೆ ಉದುರಿ ಬಿಸಿಲು ಒಳಗೆ ಬರುತ್ತದೆ, ಮಳೆ ಇರುವುದಿಲ್ಲ. ಎಲೆ ಸುಕ್ಕಾಗುವಷ್ಟು ಒಣಗಿಸಬೇಡಿ.

ಬೇಸಿಗೆ ಕಾವೇರುವಾಗ ಎಲೆಯ ಕಂಕುಳಲ್ಲಿ ಒಂದು ಮೊಗ್ಗು ಉಬ್ಬುತ್ತದೆ. ಬೇರೋ, ದಂಡೆಯೋ? ತುದಿ ನುಣ್ಣಗೆ, ಹೊಳೆಯುತ್ತಾ, ಗುಂಡಗಿದ್ದರೆ ಬೇರು. ತುದಿ ಚಪ್ಪಟೆಯಾಗಿ, ಪದರು ಪದರಾದ ಸಣ್ಣ ಹಸಿರು ಸಿಪ್ಪೆ ಮುಚ್ಚಿದ್ದರೆ ದಂಡೆ. ಆಮೇಲೆ ಗಿಡದ ದಿಕ್ಕು ಬದಲಿಸಬೇಡಿ, ಮೊಗ್ಗುಗಳು ಬೆಳಕಿಗೆ ತಿರುಗಲು ಹೋಗಿ ದಂಡೆ ಸೊಟ್ಟಗಾಗುತ್ತದೆ. ಹತ್ತಿರದಲ್ಲಿ ಬಾಳೆಗೊನೆ ಹಣ್ಣಿಗಿಡಬೇಡಿ. ಅದರಿಂದ ಬರುವ ಎಥಿಲೀನ್ ಅನಿಲಕ್ಕೆ ಮೊಗ್ಗು ಉದುರುತ್ತದೆ.

ಮೊದಲ ದಂಡೆ ಕೈಬೆರಳಿನಷ್ಟೇ ಉದ್ದ ಇರಬಹುದು, ಇಪ್ಪತ್ತು ಮೂವತ್ತು ಹೂ. ಗಿಡ ಗಟ್ಟಿಯಾದಂತೆ ದಂಡೆ ಮೊಳದುದ್ದ ಆಗುತ್ತದೆ. ಹೂ ಎರಡು ಮೂರು ವಾರ ನಿಲ್ಲುತ್ತದೆ. ಆ ದಿನಗಳಲ್ಲಿ ನೀರು ಬೇರಿಗೆ ಮಾತ್ರ ಕೊಡಿ, ಹೂವಿನ ಮೇಲೆ ಬೇಡ. ಮೊದಲ ಸಲ ಹತ್ತು ದಿನ ನೋಡಿ ಆನಂದಿಸಿ, ಬುಡದಿಂದ ಎರಡು ಸೆಂಟಿಮೀಟರ್ ಬಿಟ್ಟು ದಂಡೆ ಕತ್ತರಿಸಿಬಿಡಿ. ಕಾಯಿ ಕಟ್ಟಲು ಬಿಟ್ಟರೆ ಎಳೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. ಕತ್ತರಿಸಿದ ದಂಡೆಯನ್ನು ಎಸೆಯಬೇಡಿ, ಮುಡಿಯಲು ಚೆನ್ನಾಗಿರುತ್ತದೆ. ಉಳಿದ ಬುಡ ತಾನಾಗಿ ಒಣಗುತ್ತದೆ, ಕೀಳಲು ಹೋಗಬೇಡಿ. ಅಷ್ಟರಲ್ಲಿ ಮಳೆ ಶುರುವಾಗಿ ಹೊಸ ಬೇರುಗಳ ಹಸಿರು ಮೊನೆ ಹೊರಟಿರುತ್ತದೆ. ವಾರದ ಗೊಬ್ಬರವನ್ನು ಆಗಿನಿಂದ ಮತ್ತೆ ಶುರು ಮಾಡಿ.